ಫ್ಲಾಪಿಯೊಳಗಿಲ್ಲದ ತಬಲಾ

ಸಿಕಂದರಾಬಾದ್
೯ ಫೆಬ್ರವರಿ ೨೦೦೧

ಮಾವನವರಿಗೆ ದೀಪಾಲಿಯ ಶರಣಾರ್ಥಿ.

ಇವರ ವಚನದ ಕ್ಯಾಸೆಟ್ಟನ್ನು ಕಂಪನಿಯವರು ಒಪ್ಪಿಕೊಂಡರು, ಮಾವ! ನಾನಂತೂ ಸ್ಟುಡಿಯೋದ ಮೆಟ್ಟಿಲ ಮೇಲೆಯೇ ಕುಣಿದುಬಿಟ್ಟೆ. ಮುಂದಿನ ಶನಿವಾರವೇ ರೆಕಾರ್ಡಿಂಗ್.

ಆದರೆ ಒಂದು ತಪ್ಪಾಗಿದೆ, ಅದು ನನ್ನದು. ಬಸವಕಲ್ಯಾಣದಿಂದ ಹೊರಡುವಾಗ, ನೀವು ಅಲಮಾರಿಯಲ್ಲಿ ಕೀಲಿ ಹಾಕಿಟ್ಟ ತಮ್ಮ ಸಂಗೀತದ ಕೀಬೋರ್ಡ್ ಕೇಳಲು ಇವರು ನಿಮ್ಮ ಬಾಗಿಲವರೆಗೂ ಬಂದಿದ್ದರು. "ತಾಳ ಎಲ್ಲಾ ಫ್ಲಾಪಿಯಾಗ ಅದ ಅಲ್ಲ, ಬಿಡ್ರಿ. ಮಾವ ಮತ್ತ ಸಿಟ್ಟಾಗ್ತಾರ" ಎಂದು ನಾನೇ ಎಳೆದುಕೊಂಡು ಬಂದೆ. ಕಂಪ್ಯೂಟರಿನ ಫ್ಲಾಪಿಯಲ್ಲಿ ಯಾವ ಪೆಟ್ಟು ಯಾವಾಗ ಬೀಳಬೇಕೆಂಬುದಷ್ಟೇ ಇರುತ್ತದಂತೆ; ನಾದವೆಲ್ಲ ಕೀಬೋರ್ಡಿನೊಳಗೆ. ನಿನ್ನೆ ಫ್ಲಾಪಿಯಲ್ಲಿದ್ದುದನ್ನು ಸ್ಟುಡಿಯೋದವರ ಕೀಬೋರ್ಡಿಗೆ ಜೋಡಿಸಿದರೆ, ತಬಲಾ ಬರಬೇಕಾದಲ್ಲಿ ಗಂಟೆ ಬಾರಿಸಿತು. "ಕುಲ್ಫಿ ಮಾರಾಕ ಬಂದೀರೇನ್ರಿ?" ಎಂದು ಬೀದರಿನವರೇ ಆದ ಎಂಜಿನಿಯರ್ ನಕ್ಕರು. ಇವರು ನಗಲಿಲ್ಲ, ಊಟವನ್ನೂ ಮಾಡಲಿಲ್ಲ.

ನಲವತ್ತು ವರ್ಷ ತಬಲಾ ನುಡಿಸಿದವರ ಮನೆಯಲ್ಲಿ ಯಂತ್ರ ಠೇಕಾ ಹಾಕಿದರೆ ಸಿಟ್ಟು ಬರುವುದು ಸಹಜ. "ಹುಮನಾಬಾದ್ ಬ್ಯಾಂಡಿನವರಿಗೆ ಕೊಟ್ಟು ಒಗೀತೀನಿ" ಎಂದಿದ್ದಿರಿ. ದಯವಿಟ್ಟು ಕೊಡಬೇಡಿ. ಇವರು ಎಂಟು ತಿಂಗಳು ನಿಮ್ಮ ಕೋಣೆಯ ಗೋಡೆಗೆ ಕಿವಿಯಿಟ್ಟು, ನಿಮ್ಮ ಕೈಯ ಹಾಗೆಯೇ ಕೇಳಿಸುವವರೆಗೂ ಆ ನಾದವನ್ನು ತಿದ್ದಿದ್ದಾರೆ. ನಿಮಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು.

ಅಲಮಾರಿ ತೆರೆದಿಡಿ, ಮಾವ. ಅದಾಗದಿದ್ದರೆ ತಬಲಾ ತೆಗೆದುಕೊಂಡು ನೀವೇ ನನ್ನ ಜೊತೆ ಬನ್ನಿ. ಬರಿಗೈಯಲ್ಲಿ ಮಾತ್ರ ಕಳಿಸಬೇಡಿ. ಬುಧವಾರ ಪರಳಿ ಪ್ಯಾಸೆಂಜರ್‌ನಲ್ಲಿ ಬಂದು ಭಾಲ್ಕಿಯಲ್ಲಿ ಇಳಿಯುತ್ತೇನೆ.

ನಿಮ್ಮ ಸೊಸೆ
ದೀಪಾಲಿ