ಖಾಲಿ ಬಿಟ್ಟ ನಾಲ್ಕನೆಯ ಜಾಗ

ಅರಸೀಕೆರೆ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಣ್ಣ ಸಮ್ಯಕ್‌ಗೆ,

ಜೈಭೀಮ್. ನೀನು, ಶಿಲ್ಪಶ್ರೀ ಅತ್ತಿಗೆ, ಪುಟ್ಟಿ ಧನು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಬೇಲೂರಿನಲ್ಲಿ ಬೋರ್ಡ್ ಬರೆಯುವ ಅಂಗಡಿ ತೆರೆದು ಎರಡು ತಿಂಗಳಾಯಿತು. ಬಾ ಎಂದು ಮೂರು ಸಲ ಕರೆದೆ. ಸರ್ಕಾರದ ಸಮೀಕ್ಷೆ ಕೆಲಸಕ್ಕೆ ಹಾಕಿದ್ದಾರೆ, ರಜೆಯಿಲ್ಲ ಎಂದೆ ನಾನು. ಸಮೀಕ್ಷೆ ಮುಗಿದು ಎಷ್ಟೋ ದಿನವಾಯಿತು. ನೀನು ಕಳಿಸಿದ ಅಂಗಡಿಯ ಫೋಟೋಗೂ ಒಂದು ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾದೆ. ತಪ್ಪಾಯಿತು, ಅಣ್ಣ.

ಫೋನ್ ಮಾಡುವುದು ಬಿಟ್ಟು ಇದೇನು ಕಾಗದ ಎಂದು ನಗಬೇಡ. ನಿನ್ನ ದನಿ ಕೇಳಿದರೆ ನಾನು ಮಾತು ಬದಲಾಯಿಸಿಬಿಡುತ್ತೇನೆ.

ಇಲ್ಲಿ ಎಲ್ಲ ಎಂದಿನಂತೆ. ಬೆಳಿಗ್ಗೆ ಎಂಟಕ್ಕೆ ಗಂಡಸಿ ಬಸ್ಸು, ಸ್ಕೂಲು, ಸಂಜೆ ವಾಪಸ್ಸು. ದಾರಿಯುದ್ದಕ್ಕೂ ರಾಗಿ ಕೊಯ್ಲು ನಡೆದಿದೆ. ಕೆಲವರು ಆಗಲೇ ತೆನೆಯನ್ನು ರಸ್ತೆಗೆ ಹರವಿದ್ದಾರೆ, ನಮ್ಮ ಬಸ್ಸೇ ಒಕ್ಕಣೆ ಮಾಡಿಕೊಂಡು ಹೋಗುತ್ತದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಅಂದರೆ ಭಯ. ಪಾಠ ಓದಿ ಅರ್ಥ ಹೇಳುವಾಗ ನಾನು ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ. ಒಬ್ಬರೂ ಹೀಗೇಕೆ ಎಂದು ಕೇಳುವುದಿಲ್ಲ. ಹೋದ ತಿಂಗಳಿಂದ ಅದೂ ನನಗೆ ಚುಚ್ಚುತ್ತಿದೆ.

ಹೋದ ತಿಂಗಳು ಏನಾಯಿತೆಂದರೆ, ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಅರುಣ್‌ಕುಮಾರ್ ಸ್ಟಾಫ್ ರೂಮಿನಲ್ಲಿ ಕೂತು, ತಾವು ಕಾಲೇಜಿನಲ್ಲಿದ್ದಾಗ ಆಡುತ್ತಿದ್ದ ಒಂದು ಕಂಪ್ಯೂಟರ್ ಆಟದ ಮೂರನೇ ಭಾಗ ಬಂದಿದೆ, ಹದಿಮೂರು ವರ್ಷ ಕಾಯಿಸಿದರು ಎಂದು ಯಾರಿಗೋ ಹೇಳುತ್ತಿದ್ದರು. ಹೆಸರು ಕೇಳಿದ ಕೂಡಲೇ ಗುರುತು ಹಿಡಿದೆ. ನಮ್ಮ ಆಟ, ಅಣ್ಣ. ಅಪ್ಪ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ ವರ್ಷ, ಬಾಣಾವರದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಆಡಿದ ಎರಡನೇ ಭಾಗದ ಮುಂದುವರಿಕೆ.

ನೀನು ಆಡುವುದು, ನಾನು ಓದಿ ಹೇಳುವುದು. ಪರದೆಯ ಮೇಲೆ ಇಂಗ್ಲಿಷ್ ಬಂದ ತಕ್ಷಣ ನೀನು ಕೈ ನಿಲ್ಲಿಸಿ, "ಏನ್ ಬರ್ದೈತೆ, ಓದು ಲತಾ" ಅನ್ನುತ್ತಿದ್ದೆ. ಅಜ್ಜಿ ಮುದ್ದಮ್ಮ ಹಿಂದೆ ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಾ ಕತೆ ಕೇಳುತ್ತಿದ್ದಳು. ಆಟದಲ್ಲಿ ನೀನು ಆಡಿಸುತ್ತಿದ್ದ ರಾಜನ ಜೊತೆ ನಾಲ್ಕು ಜನ ಹೋಗಬಹುದಿತ್ತು. ನಾಲ್ಕನೆಯವಳು ಬೇರು ನಾರು ಅರೆದು ಗಾಯಕ್ಕೆ ಹಚ್ಚುವ ಮುದುಕಿ. ಊರಿನಲ್ಲಿ ಸೂಲಗಿತ್ತಿಯಾಗಿದ್ದ ಅಜ್ಜಿಗೆ ಅವಳೆಂದರೆ ತನ್ನದೇ ಕಸುಬಿನವಳು. ಅವಳು ಬಂದರೆ ಸಾಕು, ಮುಂದಕ್ಕೆ ಜರುಗಿ ಕೂರುತ್ತಿದ್ದಳು.

ಸ್ಕೂಲಿನ ಕೆಲಸಕ್ಕೆಂದು ಕೊಂಡ ನನ್ನ ಲ್ಯಾಪ್‌ಟಾಪಿನಲ್ಲೇ ಮೂರನೇ ಭಾಗ ಹಾಕಿಕೊಂಡೆ. ತಡೆದು ತಡೆದು ಓಡುತ್ತದೆ. ನನ್ನ ಕೈಗೆ ಅಭ್ಯಾಸವಿಲ್ಲ, ಮೊದಲ ವಾರವೆಲ್ಲ ತೋಳಗಳಿಂದ ಸತ್ತೆ. ಆದರೂ ಸಂಜೆ ಬಸ್ಸಿಳಿದವಳು ಕೈಕಾಲು ತೊಳೆದು ಅದರ ಮುಂದೆ ಕೂರುತ್ತಿದ್ದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಬಾಯಿ ತಾನಾಗಿ ಕನ್ನಡ ಮಾಡಿ ಹೇಳುತ್ತಿತ್ತು.

ಕತೆ ಮೂವತ್ತು ವರ್ಷದ ನಂತರದ್ದು. ಅದೇ ನಾಡು, ಅದೇ ಕೋಟೆ. ನಾವು ಕಾಪಾಡಿದ ಊರುಗಳಲ್ಲಿ ಹೊಸ ಜನ. ರಾಜನಿಗೆ ವಯಸ್ಸಾಗಿ ಕಣ್ಣು ಮಂಜಾಗಿದೆ. ಮೂರನೇ ವಾರ ನಾನು ಕಲ್ಲಿನ ಸೇತುವೆಗೆ ಬಂದೆ. ಎರಡನೇ ಭಾಗದಲ್ಲಿ ಮುದುಕಿ ಗಾಯಾಳುಗಳ ಜೊತೆ ಉಳಿದುಕೊಂಡಳಲ್ಲ, ಅದೇ ಸೇತುವೆ. ಪಕ್ಕದಲ್ಲಿ ಪಾಚಿ ಹಿಡಿದ ಸಮಾಧಿ. ಅದರ ಮೇಲೆ ಅವಳ ಹೆಸರು, ಕೆಳಗೆ ಒಂದೇ ಸಾಲು: ಎರಡು ದಿನ ಕಾದಳು.

ಅಣ್ಣ, ಅವಳು ಎರಡನೇ ಭಾಗದಲ್ಲೇ ಸತ್ತಿದ್ದಳು. ಎರಡು ದಿನದೊಳಗೆ ನಾವು ಅವಳಿಗೆ ಔಷಧಿ ತಂದುಕೊಡಬೇಕಿತ್ತು. ನಾವು ಬೆಳ್ಳಿ ಬಿಲ್ಲು ಹುಡುಕುತ್ತಾ ಕಾಡಿನಲ್ಲಿ ಉಳಿದುಬಿಟ್ಟೆವು. ವಾಪಸ್ಸು ಬಂದಾಗ ಪರದೆಯ ಮೇಲೆ ಅವಳ ಸಾವಿನ ಸುದ್ದಿ ಬರೆದಿತ್ತು. ನಾನು ಅಜ್ಜಿಯ ಮುಖ ನೋಡಿದೆ.

"ಆ ಸೂಲಗಿತ್ತಿ ಎಲ್ಲವ್ಳೆ ಮಗಾ?" ಎಂದು ಕೇಳಿದಳು.

ಮಗಳ ಮನೆಗೆ ಹೋಗಿದ್ದಾಳಂತೆ, ಬಾಣಂತನ ಮುಗಿಸಿ ಬರುತ್ತಾಳಂತೆ ಎಂದುಬಿಟ್ಟೆ. ಅಜ್ಜಿ ಖುಷಿಯಿಂದ ತಲೆಯಾಡಿಸಿದಳು. ನೀನೂ ನಂಬಿದೆ. ಆಮೇಲೆ ಎಷ್ಟೋ ಜನ ಸಿಪಾಯಿಗಳು ನಿನ್ನ ಜೊತೆ ಬರುತ್ತೇವೆಂದರು. ನಾಲ್ಕನೆಯ ಜಾಗಕ್ಕೆ ನೀನು ಒಬ್ಬರನ್ನೂ ಸೇರಿಸಿಕೊಳ್ಳಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಆಯಮ್ಮ ಬಂದ್ರೆ ಜಾಗ ಬ್ಯಾಡ್ವಾ" ಅಂದೆ. ಗಾಯಕ್ಕೆ ಔಷಧಿ ಹಚ್ಚುವವರಿಲ್ಲದೆ ಕೊನೆಯ ಯುದ್ಧದಲ್ಲಿ ನೀನು ಹನ್ನೊಂದು ಸಲ ಸೋತೆ. ಪ್ರತಿ ಸಲವೂ ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆಗ ನನಗೆ ಹದಿನೇಳು, ನಿನಗೆ ಇಪ್ಪತ್ತೊಂದು.

ಸಮಾಧಿಯ ಮುಂದೆ ರಾಜನನ್ನು ನಿಲ್ಲಿಸಿಕೊಂಡು ಬಹಳ ಹೊತ್ತು ಕೂತಿದ್ದೆ. ಆಟದಲ್ಲಿ ಅಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಹೂವಿಡಲೂ ಬರುವುದಿಲ್ಲ. ಅಲ್ಲಿಂದ ಮುಂದೆ ನಾನು ಆಡಿಲ್ಲ.

ಅಜ್ಜಿಗೆ ಹೇಳಿದ ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಅವಳು ಅದೇ ನೆಮ್ಮದಿಯಲ್ಲಿ ಹೋದಳು. ನಿನಗೆ ಹೇಳಿದ್ದು ಬೇರೆ. ನೀನು ನನ್ನ ಬಾಯಿಂದಲೇ ಲೋಕ ನೋಡುತ್ತಿದ್ದೆ.

ಸ್ಕೂಲಿನಲ್ಲಿ ಈ ಬಾರಿ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಬರುವ ಮಾತಿದೆ. ಬಂದರೆ ನಿನ್ನ ಅಂಗಡಿಯ ಮುಂದೆಯೇ ಹಾದು ಹೋಗುತ್ತೇವೆ. ಒಳಗೆ ಬರುವುದೋ ಬೇಡವೋ ನೀನೇ ಹೇಳು. ಅತ್ತಿಗೆಗೆ ನನ್ನ ನೆನಪುಗಳು. ಧನು ಚೆನ್ನಾಗಿ ಓದಲಿ, ಯಾರು ಏನು ಓದಿ ಹೇಳಿದರೂ ಒಂದು ಸಲ ತಾನೇ ಓದಿ ನೋಡುವಂತಾಗಲಿ. ನಿನ್ನ ಕೈಗೆ ಬಿಡುವಿಲ್ಲದಷ್ಟು ಕೆಲಸ ಬರಲಿ.

ನಿನ್ನ ತಂಗಿ,
ಲತಾಮಣಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ೨೦೧೨ರಲ್ಲಿ ನೀನು ಮೈಸೂರಿನ ಕಲಾಶಾಲೆಯೊಂದಕ್ಕೆ ಅರ್ಜಿ ಹಾಕಿದ್ದೆ. ಆಟಗಳಿಗೆ ಚಿತ್ರ ಬರೆಯುವುದನ್ನು ಕಲಿಸುವ ಎರಡು ವರ್ಷದ ಕೋರ್ಸು. ಹಳೇಬೀಡಿನ ಗೋಡೆಯ ಆನೆಸಾಲನ್ನು ನೋಡಿಕೊಂಡು ನೀನು ಬರೆದ ಹನ್ನೆರಡು ಚಿತ್ರಗಳನ್ನು ನಾನೇ ಸ್ಕ್ಯಾನ್ ಮಾಡಿಸಿ ಕಳಿಸಿದ್ದೆ. ಮೇಲ್ ನಾನೇ ಮಾಡಿಕೊಟ್ಟಿದ್ದು, ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಜೂನ್ ತಿಂಗಳಲ್ಲಿ ಅರಸೀಕೆರೆಯ ಸೈಬರ್ ಸೆಂಟರಿನಲ್ಲಿ ಉತ್ತರ ನೋಡಿದೆ. ಸೀಟು ಸಿಕ್ಕಿತ್ತು. ಫೀಸಿಲ್ಲ, ಹಾಸ್ಟೆಲ್ ಕೊಡುತ್ತೇವೆ, ಇಪ್ಪತ್ತು ದಿನದೊಳಗೆ ಬಂದು ಸೇರಿ ಎಂದು ಬರೆದಿದ್ದರು.

ರೈಲು ಇಳಿದು ಮನೆಗೆ ಬಂದಾಗ ನೀನು ಅಪ್ಪನಿಗೆ ಗಂಜಿ ಕುಡಿಸುತ್ತಿದ್ದೆ. ಅಪ್ಪನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ನನಗೆ ಹಾಸನದಲ್ಲಿ ಡಿಗ್ರಿ ಸೀಟೂ ಹಾಸ್ಟೆಲ್ಲೂ ಸಿಕ್ಕಿದ್ದವು. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಲೇಬೇಕಿತ್ತು. ನೀನು ತಿರುಗಿ ನೋಡದೆ, "ಏನಂತೆ?" ಎಂದೆ.

"ಆಗ್ಲಿಲ್ವಂತೆ ಅಣ್ಣ" ಅಂದೆ.

"ಹೋಗ್ಲಿ ಬಿಡು. ನೀನಾದ್ರೂ ಓದು" ಅಂದು ಅಪ್ಪನ ಬಾಯಿ ಒರೆಸಿದೆ.

ಆ ಮೇಲ್ ಇನ್ನೂ ಇದೆ. ಪ್ರಿಂಟ್ ತೆಗೆಸಿ ಇದರೊಳಗೆ ಮಡಿಸಿಟ್ಟಿದ್ದೇನೆ. ಅತ್ತಿಗೆಯಿಂದ ಓದಿಸಿಕೋ. ಅದರಲ್ಲಿ ಏನಿದೆಯೆಂದು ನಾನು ಹೇಳಿದ್ದನ್ನು ನಂಬಬೇಡ.