ಮೊಣಕಾಲಿಗೆ ನೀರು ಹೊಯ್ದವನ ಅಹವಾಲು

ವೈದ್ಯಕೀಯ ಸಾಧನಗಳಿಗೆ ಪರವಾನಗಿ ಕೊಡುವ ಮಾನ್ಯರೇ,

ಈ ಜೆಲ್ಲಿನ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಮೂಳೆ ಡಾಕ್ಟರು, ಹೋದ ವರ್ಷ, ನನ್ನ ಆಪರೇಷನ್ನಿನ ಹಿಂದಿನ ದಿನ. "ಮಂಡಿ ಸವೆದಿರೋ ಜಾಗಕ್ಕೆ ಒಂದು ಜೆಲ್ ಬಿಲ್ಲೆ ಕೂರಿಸ್ತೀವಿ. ಪ್ಲಾಸ್ಟಿಕ್ಕಿನ ಸಂಬಂಧಿಕನೇ, ಆದ್ರೆ ಮುಕ್ಕಾಲು ಪಾಲು ನೀರು. ಹೊರಗಿನದು ಅಂತ ದೇಹಕ್ಕೆ ಗೊತ್ತೇ ಆಗಲ್ಲ" ಎಂದರು. ನನ್ನ ದೇಹಕ್ಕೆ ಗೊತ್ತಾಯಿತು. ಮಂಡಿ ಅಂದಿನಿಂದ ಊದಿಕೊಂಡೇ ಇದೆ. ತಮಗೆ ಬರೆದರೆ, "ಸದರಿ ಸಾಧನವು ಜೈವಿಕ ಹೊಂದಾಣಿಕೆಯುಳ್ಳದ್ದೆಂದು ಪ್ರಮಾಣೀಕೃತವಾಗಿದೆ" ಎಂದು ಒಂದೇ ಸಾಲಿನ ಉತ್ತರ ಬಂತು. ಅಂದರೆ ಜೆಲ್ ಪಾಸು, ನನ್ನ ಕಾಲು ಫೇಲು.

ಫೇಲಾಗುವುದು ನನಗೆ ಹೊಸದಲ್ಲ. ನನ್ನ ಬುದ್ಧಿವಂತಿಕೆ ಕೇಳಿ: ಮುಕ್ಕಾಲು ಪಾಲು ನೀರೆಂದ ಮೇಲೆ ಬಿಲ್ಲೆ ಒಣಗಿರಬೇಕೆಂದುಕೊಂಡು, ನೋವು ಬಂದಾಗಲೆಲ್ಲ ಬಚ್ಚಲಲ್ಲಿ ಕೂತು ಮೊಣಕಾಲಿಗೆ ಚೊಂಬಿನಲ್ಲಿ ನೀರು ಹೊಯ್ದುಕೊಂಡೆ. "ರೀ, ಚಿಗುರುತ್ತಾ ಅದು?" ಎಂದಳು ಹೆಂಡತಿ. ತಮ್ಮ ಉತ್ತರವನ್ನು ಅವಳಿಗೆ ಓದಿ ಹೇಳಿದೆ. "ಹೊಂದಾಣಿಕೆನಾ? ಈ ಮನೇಲಿ ಹೊಂದಿಕೊಂಡಿರೋಳು ನಾನೊಬ್ಬಳೇ. ನಂಗ್ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ!"

ಹೊಂದಾಣಿಕೆ ಯಾರ ಜೊತೆ, ಎಷ್ಟು ಕಾಲ? ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು ಜೆಲ್ಲಿನ ಪಕ್ಕ ಸಾಯದೆ ಉಳಿದವೆಂದರೆ ಸಂತೋಷ. ಆದರೆ ಅವು ಹೊಲಿಗೆ ಯಂತ್ರ ತುಳಿಯುವುದಿಲ್ಲವಲ್ಲ? ನಾನು ದರ್ಜಿ, ದಿನವಿಡೀ ತುಳಿಯುತ್ತೇನೆ. ಬಿಲ್ಲೆ ಸವೆದರೆ ಅದರ ಪುಡಿ ಎಲ್ಲಿಗೆ ಹೋಗುತ್ತದೆ? ದೇಹ ಅದರ ಸುತ್ತ ಗಟ್ಟಿ ಪೊರೆ ಕಟ್ಟಿದರೆ ಅದು ಹೊಂದಾಣಿಕೆಯೋ, ಬಹಿಷ್ಕಾರವೋ? ನೆಂಟನೂ ಮೊದಲ ಮೂರು ದಿನ ಒಳ್ಳೆಯವನೇ, ಸ್ವಾಮೀ.

ನನ್ನೊಬ್ಬನ ಮಾತಾಗಿದ್ದರೆ ಕುಂಟಿಕೊಂಡು ಸುಮ್ಮನಿರುತ್ತಿದ್ದೆ. ಇದೇ ಬಿಲ್ಲೆ ನಾಳಿದ್ದು ನನ್ನಕ್ಕನ ಮಂಡಿಗೂ ಹೋಗುವುದಿತ್ತು. ಅವಳು ಟೀಚರು, ತರಗತಿ ಮೂರನೇ ಮಹಡಿಯಲ್ಲಿ. ನಿನ್ನೆ ಸಂಜೆ ಅವಳಿಗೆ ಎಲ್ಲವನ್ನೂ ಹೇಳಿದೆ. "ಲೋ, ನೀನು ಹೇಳಿದ್ರಲ್ಲಿ ನೀರೆಷ್ಟು, ಜೆಲ್ಲೆಷ್ಟು?" ಎಂದಳು. ನನಗೆ ತಿಳಿಯದು. ತಮಗೆ ತಿಳಿದಿರಬೇಕು.

ಆದ್ದರಿಂದ ಈ ಜೆಲ್ಲನ್ನು ಯಾವ ಪ್ರಾಣಿಯಲ್ಲಿ, ಎಷ್ಟು ತಿಂಗಳು, ಎಷ್ಟು ಭಾರ ಹೊರಿಸಿ ನೋಡಿದಿರಿ, ಹಾಕಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಊದಿತು, ಎಷ್ಟು ಮಂದಿ ತೆಗೆಸಿದರು ಎಂಬುದನ್ನು ನಮಗೆ ಅರ್ಥವಾಗುವ ಮಾತಿನಲ್ಲಿ ಪ್ರಕಟಿಸಿ. ಎಲ್ಲ ಸರಿಯಿದ್ದರೆ, ಕೆಟ್ಟದ್ದು ನನ್ನ ಕಾಲೇ ಎಂದು ಬಹಿರಂಗವಾಗಿಯೇ ಒಪ್ಪುತ್ತೇನೆ.

ಇವತ್ತು ಬೆಳಿಗ್ಗೆ ಅಕ್ಕ ಆಸ್ಪತ್ರೆಗೆ ಫೋನು ಮಾಡಿ, ಆಪರೇಷನ್ ಸದ್ಯಕ್ಕೆ ಬೇಡವೆಂದಳು. ಆಮೇಲೆ ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದಳು. ತಾವು ಉತ್ತರಿಸುವವರೆಗೂ ಹೀಗೇ ಹತ್ತುತ್ತಾಳಂತೆ.

ಇಂತಿ,
ಒಂದೂವರೆ ಕಾಲಿನ ದರ್ಜಿ