ಹರ್ಷನ ಹೆಸರಿನ ಕೆಳಗೆ

ಫೆಬ್ರವರಿ 4, ಬೆಳಿಗ್ಗೆ
ಮತ್ತೆ ಅದೇ ಗೋಳು. ಹೈದರಾಬಾದಿನ ವಿಡಿಯೋ ಗೇಮ್ ಆಫೀಸಿನಿಂದ ಮೆಸೇಜು — ಶತ್ರು ತೀರಾ ಮೆತ್ತಗಾದ, ಡಿಫೆನ್ಸ್ ಏರಿಸಿ. ಕೊಳ್ಳೇಗಾಲದ ಈ ಮೂಲೆಯಲ್ಲಿ ಕೂತು ಏರಿಸುವವಳು ನಾನು. ಮೂವರ ತಂಡ, ಎದುರಿಗೆ ಕೋಟೆ ಕಾಯುವ ದೈತ್ಯ. ಮೊದಲು ಶೀಲ್ಡ್ ಒಡೆಯಬೇಕು, ಆಮೇಲೆ ಆರ್ಮರ್, ಆಮೇಲೇ ಮೈ. ನಡುವೆ ಗುಂಡು ನಿಂತರೆ ಶೀಲ್ಡ್ ಮತ್ತೆ ತುಂಬಿಕೊಳ್ಳುತ್ತೆ. ತಮ್ಮ ಹರ್ಷನಿಗೆ ಕಂಟಕ ಅಲ್ಲೇ.

ಅವನಿಗೆ ಇಪ್ಪತ್ತೊಂದು. ಸ್ನಾಯು ಸವೆಯುವ ಕಾಯಿಲೆ. ಕಾಲು ಯಾವತ್ತೋ ಹೋಯಿತು, ಈಗ ಬೆರಳು ಹೋಗುತ್ತಿದೆ. ಕೈ ಆಡುವಾಗಲೇ ಆ ದೈತ್ಯನನ್ನು ಬೀಳಿಸಬೇಕಂತೆ. ಅದೊಂದೇ ಹಟ.

ಫೆಬ್ರವರಿ 11
ಹೊಸ ಡಿಫೆನ್ಸ್ ಹಾಕಿದೆ. ಟೆಸ್ಟಿಂಗಿಗೆ ನಾನು, ಹರ್ಷ, ಅವನ ಹೈಸ್ಕೂಲು ಗೆಳೆಯ ಅಜ್ಜೀಪುರದ ಮಾದೇಶ. ಶೀಲ್ಡ್ ಒಡೆಯುವ ದೊಡ್ಡ ಗನ್ನು ಹರ್ಷನದು. ಅರ್ಧಕ್ಕೆ ಬೆರಳು ಜಾರಿತು. ಶೀಲ್ಡ್ ತುಂಬಿಕೊಂಡಿತು. ಮೂವರೂ ಸತ್ತೆವು. ಮತ್ತೆ. ಮತ್ತೆ.
“ಇರ್ಲಿ ಬುಡ್ಲಾ, ನಾಳೆ ಒಡ್ಯವ,” ಅಂದ ಮಾದೇಶ ಹೆಡ್‌ಫೋನಿನಲ್ಲಿ.
ಅಮ್ಮ ತುತ್ತು ಹಿಡಿದರೆ ಹರ್ಷ ಬಾಯಿ ತೆರೆಯಲಿಲ್ಲ. “ಉಣ್ಣಪ್ಪ ಅರ್ಸಾ, ಆಟುಕ್ಕೆಲ್ಲ ಇಷ್ಟು ಸಿಟ್ಟಾ?”
ಆಟವಂತೆ!

ಫೆಬ್ರವರಿ 12
ಮಾಡಿಬಿಟ್ಟೆ. ಹರ್ಷನ ಗುಂಡು ಬಿದ್ದರೆ ಮಾತ್ರ ಶೀಲ್ಡ್ ಮೆತ್ತಗಾಗುವ ಹಾಗೆ ಒಂದು ಸೆಟ್ಟಿಂಗು. ಅದಕ್ಕೊಂದು ಹೆಸರು ಬೇಕಿತ್ತು. ‘ಲೆಕ್ಕಕ್ಕಿಲ್ಲ’ ಅಂತ ಟೈಪ್ ಮಾಡಿದೆ. ಬೀದಿಯಲ್ಲಿ ಆಡುವಾಗ ಚಿಳ್ಳೆಪಿಳ್ಳೆಗಳನ್ನು ಸೇರಿಸಿಕೊಳ್ಳುತ್ತಿದ್ದೆವಲ್ಲ — ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವಕ್ಕೆ ಔಟೇ ಇಲ್ಲ. ಹೈದರಾಬಾದಿನವರಿಗೆ ಏನು ತಿಳಿಯುತ್ತೆ, ಮಣ್ಣು!

ಫೆಬ್ರವರಿ 15, ಸಂಜೆ
ಶೀಲ್ಡ್ ಒಡೆಯಿತು! ಹರ್ಷ ಕಿರುಚಿದ್ದಕ್ಕೆ ಅಪ್ಪ ಮಗ್ಗ ಬಿಟ್ಟು ಓಡಿ ಬಂದರು. ಆರ್ಮರ್ ಹತ್ತಿರ ಸತ್ತೆವು, ಹಾಳಾಗಲಿ. ಮುದ್ದೆ ಇನ್ನೊಂದು ಕೇಳಿ ಹಾಕಿಸಿಕೊಂಡ. ನಾನೇನು ತಪ್ಪು ಮಾಡಿಲ್ಲ. ಮಾಡಿದ್ದೀನಾ?

ಫೆಬ್ರವರಿ 19
ಅಯ್ಯೋ, ನನ್ನ ಬುದ್ಧಿಗಿಷ್ಟು. ಆಟದ ಹೊಸ ಟೆಸ್ಟ್ ಬಿಲ್ಡಿನಲ್ಲಿ ಯಾರಿಗೆ ಯಾವ ಸೆಟ್ಟಿಂಗು ಹಾಕಿದೆಯೋ ಅದು ಅವರ ಹೆಸರಿನ ಕೆಳಗೇ ಕಾಣುತ್ತೆ. ಆಫೀಸಿನವರು ನಿನ್ನೆ ಸೇರಿಸಿದ್ದು. ನಾನು ನೋಡಿಕೊಳ್ಳಲಿಲ್ಲ.
ಮಾದೇಶ ಬಿದ್ದು ಬಿದ್ದು ನಕ್ಕ. “ಲೇ ಅರ್ಸ, ನಿನ್ನೆಸ್ರು ಕೆಳುಗೆ ಲೆಕ್ಕಕ್ಕಿಲ್ಲ ಅಂತ ಬತ್ತಾದೆ ಕಣ್ಲಾ!”
ಹರ್ಷ ನಗಲಿಲ್ಲ. ನನ್ನ ಕಡೆ ತಿರುಗಿದ. ಕತ್ತು ತಿರುಗಿಸುವುದಕ್ಕೂ ಹೊತ್ತು ಬೇಕು ಅವನಿಗೆ.
“ಅಕ್ಕ, ಅವತ್ತು ಒಡುದ್ದು ನಾನಲ್ವಾ?”
“ಇಲ್ಲ ಕಣೋ, ಅದು ಸುಮ್ನೆ...”
“ಮನೇಲಿ ಪಾಪ. ಬಸ್ಸಲ್ಲಿ ಪಾಪ. ಆ ದೈತ್ಯ ಒಬ್ನೇ ಕಣಕ್ಕ, ಪಾಪ ಅನ್ದೆ ನನ್ನ ಬಡೀತಿದ್ದೋನು. ಅವನ್ನೂ ಕೆಡಿಸ್ಬುಟ್ಟೆ.”
ಬಚ್ಚಲಿಗೆ ಹೋಗಿ ಅತ್ತೆ.

ಫೆಬ್ರವರಿ 20
ಸೆಟ್ಟಿಂಗು ಅಳಿಸಿದೆ. ಹರ್ಷ ಎದುರಿಗೇ ಕೂತು ನನ್ನ ಕೈಲಿ ಅಳಿಸಿ ಹಾಕಿಸಿದ.

ಫೆಬ್ರವರಿ 25
ಶಿವರಾತ್ರಿ ಗಲಾಟೆ. ಬೆಟ್ಟಕ್ಕೆ ನಡೆದು ಹೋಗುವವರಿಗೆ ತನ್ನ ಅಂಗಡಿಯಲ್ಲಿ ಸೋಡಾ ಕೊಡುತ್ತಲೇ ಮಾದೇಶ ಆಡಿದ. ಸತ್ತೆವು.

ಮಾರ್ಚ್ 3
ಸತ್ತೆವು. ಆದರೆ ಶೀಲ್ಡಿನಲ್ಲಿ ಒಂದು ಗೀಟು ಉಳಿದಿತ್ತು ಅಷ್ಟೇ. ಪೂರಾ ಹರ್ಷನ ಕೈಯಿಂದಲೇ. ಇವತ್ತು ನನ್ನ ಜೊತೆ ಮಾತಾಡಿದ.

ಏಪ್ರಿಲ್ 9
ಮೈಸೂರಿನಿಂದ ಬಂದೆವು. ಹರ್ಷನ ಎದೆಯಲ್ಲಿ ಕಫ, ಐಸಿಯು... ಬರೆಯಲು ಕೈ ಬರಲಿಲ್ಲ. ಈಗ ಮುಖಕ್ಕೆ ಮಾಸ್ಕು, ಪಕ್ಕದಲ್ಲಿ ಉಸಿರಿನ ಮೆಷಿನ್ನು. ಬಲಗೈಯ ಹೆಬ್ಬೆರಳೊಂದು ಆಡುತ್ತೆ, ಅದೂ ಅಷ್ಟಕ್ಕಷ್ಟೇ. ಆಟ ಮಾರ್ಕೆಟ್ಟಿಗೆ ಬಂತಂತೆ. ಬ್ಯಾಲೆನ್ಸು ಚೆನ್ನಾಗಿದೆ ಅಂತ ಹೊಗಳುತ್ತಿದ್ದಾರಂತೆ. ಬೆಂಕಿ ಬೀಳಲಿ.

ಏಪ್ರಿಲ್ 14, ಮಧ್ಯಾಹ್ನ
ಕಂಟ್ರೋಲರ್ ತೊಡೆ ಮೇಲಿಡು ಅಂದ. ಇಟ್ಟೆ. ನನ್ನ ಹಳೇ ಟೆಸ್ಟ್ ಬಿಲ್ಡ್ ಹಾಕಿದೆ. ಮಾದೇಶನೂ ಲೈನಿಗೆ ಬಂದ. ಹರ್ಷ ದೈತ್ಯನನ್ನೇ ನೋಡುತ್ತಾ ಇದ್ದ. ಆಮೇಲೆ, ಮಾಸ್ಕಿನ ಒಳಗಿಂದ —
“ಅಕ್ಕ... ಇಳ್ಸು.”
“ಎಷ್ಟೋ?”
“ಎಷ್ಟಾದ್ರೂ.”
ಶೀಲ್ಡ್ ಸೊನ್ನೆ. ಆರ್ಮರ್ ಸೊನ್ನೆ. ಮೈಗೆ ಒಂದೇ ಗುಂಡು ಸಾಕು. ದೈತ್ಯ ಹೊಡೆಯುವುದನ್ನೂ ತೆಗೆದುಹಾಕಿದೆ, ಸುಮ್ಮನೆ ಎದುರಿಗೆ ನಿಂತಿದ್ದಾನೆ. ಹರ್ಷನ ಹೆಬ್ಬೆರಳನ್ನು ಎತ್ತಿ ಬಟನ್ ಮೇಲಿಟ್ಟೆ.
“ನೀನ್ ಒತ್ಬ್ಯಾಡ,” ಅಂದ.
ಒತ್ತಲ್ಲ. ನಾನು ಕೈ ನೋಡಿದರೂ ಅವನಿಗೆ ಸಿಟ್ಟು ಬರುತ್ತೆ ಅಂತ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಗುಂಡಿನ ಸದ್ದು ಬಂದಿಲ್ಲ. ಒತ್ತೋ ಕಂದ, ಒಂದೇ ಒಂದು ಸಲ... ಇನ್ನೂ ಬಂದಿಲ್ಲ. ಇನ್ನೂ —